ತಿರುವಿನಲ್ಲಿ ಬಾಯಿ ಕಟ್ಟಿದ ಬಂದೂಕು

ಸಣ್ಣಕ್ಕನ ಕೈಯಿಂದ ಪಾಸಾಗಿ ಹೋದ ಬಂದೂಕು ಆಕಾಶದಲ್ಲಿ ಬಾಯಿ ಕಟ್ಟಿಕೊಂಡು ಕೂತಿತು ಎಂಬ ಸುದ್ದಿಯನ್ನು ತಂದವನು ಬೇರೆ ಯಾರೂ ಅಲ್ಲ, ಅವಳ ಗಂಡನೇ.

ಅವನು ಯುದ್ಧವಿಮಾನದ ಪೈಲಟ್; ಯುದ್ಧ ಶುರುವಾದ ಮೇಲೆ ಮನೆಗೆ ಬರುವುದೇ ಅಪರೂಪವಾಗಿತ್ತು. ಬಂದರೆ ಮೊದಲು ತಾಯಿಗೆ ಮುಖ ತೋರಿಸಿ, ಬಿಸಿನೀರು ಹುಯ್ದುಕೊಂಡು, ಹೊಟ್ಟೆ ಬಿರಿಯುವಷ್ಟು ತಿಂದು, ಕೊರಡು ಬಿದ್ದ ಹಾಗೆ ಮಲಗಿಬಿಡುವುದು ಅವನ ಪದ್ಧತಿ. ಆ ಮಧ್ಯಾಹ್ನ ಮಾತ್ರ ರೈಲಿನಿಂದ ಇಳಿದವನೇ ನೆಟ್ಟಗೆ ಕಾರ್ಖಾನೆಗೆ ಬಂದು, ಪರೀಕ್ಷೆಯ ಶೆಡ್ಡಿನ ಬಾಗಿಲಲ್ಲಿ ಗೂಟ ಹೊಡೆದಂತೆ ನಿಂತ. ಗಡ್ಡ ಬೆಳೆದಿತ್ತು. ಹೆಗಲ ಮೇಲಿನ ಚೀಲವನ್ನು ಇಳಿಸಿರಲಿಲ್ಲ.

ಸಣ್ಣಕ್ಕ ಕಿವಿಗೆ ಹತ್ತಿ ತುರುಕಿಕೊಂಡು, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದ ಬಂದೂಕಿನ ಹಿಂದೆ ಬಗ್ಗಿದ್ದಳು. ಆಳು ಕುಳ್ಳಿ, ದನಿ ಮಾತ್ರ ಹಿರಿಯಕ್ಕನದು. ಹಾಗಾಗಿ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸಣ್ಣಕ್ಕ ಎಂದೇ. ವಿಮಾನದ ರೆಕ್ಕೆಗೆ ಹೋಗುವ ಪ್ರತಿಯೊಂದು ಬಂದೂಕೂ ಮೊದಲು ಅವಳ ಎದುರು ಗುಂಡು ಹಾರಿಸಿ ತೋರಿಸಬೇಕು. ಚಿಕ್ಕ ಚಿಕ್ಕದಾಗಿ ಕೆಲವು ಸಲ, ಆಮೇಲೆ ಒಂದೇ ಉಸಿರಿಗೆ ಉದ್ದಕ್ಕೆ. ಅವಳು ಬಂದೂಕಿನ ಕುದುರೆ ಒತ್ತಿದಳು. ಎದುರಿನ ಮರಳಿನ ದಿಬ್ಬ ಧೂಳೆಬ್ಬಿಸಿತು. ಖಾಲಿ ತೋಟಾಗಳು ಕೆಳಗಿಟ್ಟ ಬುಟ್ಟಿಗೆ ಗಲಗಲನೆ ಬಿದ್ದವು. ಒಂದೂ ತಡವರಿಸಲಿಲ್ಲ. ಅವಳು ಬಂದೂಕಿನ ಬೆನ್ನಿಗೆ ಮುದ್ರೆ ಒತ್ತಿ ತಿರುಗಿದಾಗ ಗಂಡ ಕಂಡ.

"ಇದು ಪಾಸಾ?" ಎಂದ ಅವನು.

"ಪಾಸು. ಯಾಕೆ ಹೀಗೆ ನಿಂತಿದೀರಿ? ಮನೆಗೆ ಹೋಗ್ಲಿಲ್ವಾ? ಅತ್ತೆಗೆ ಹೇಳಿ ಕಳಿಸ್ತೀನಿ, ಇರಿ."

"ನನ್ನ ಗನ್ನೂ ಹೀಗೇ ಪಾಸ್ ಮಾಡಿದ್ಯಾ?"

ಅವಳು ಕಿವಿಯ ಹತ್ತಿ ತೆಗೆದಳು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡಳು. ಆದರೆ ಅವನು ಮತ್ತೆ ಅದನ್ನೇ ಕೇಳಿದ. ಆಮೇಲೆ, ಸುತ್ತ ನಿಂತ ಹೆಂಗಸರ ಮುಂದೆಯೇ, ಮರೆಮಾಚದೆ ಹೇಳಿದ.

ಶತ್ರುವಿನ ಬಾಂಬರಿನ ಬಾಲಕ್ಕೆ ಬಿದ್ದಿದ್ದನಂತೆ. ಅದು ಹೊರಳಿತು, ಇವನೂ ಹೊರಳಿದ. ಇನ್ನೇನು ಕಣ್ಣ ಮುಂದೆ ಇದೆ ಎನ್ನುವಾಗ ಗುಂಡಿ ಒತ್ತಿದರೆ ಬಂದೂಕುಗಳು ಎರಡು ಮಾತಾಡಿ ಸುಮ್ಮನಾದವು. ಒತ್ತಿದ, ಒತ್ತಿದ, ಉಗುರು ಕಿತ್ತು ಬರುವ ಹಾಗೆ ಒತ್ತಿದ. ಏನೂ ಇಲ್ಲ. ಇವನು ಹೇಗೋ ತಪ್ಪಿಸಿಕೊಂಡು ಇಳಿದ. ಇವನ ಜೊತೆ ಹಾರಿದ್ದ, ಬ್ಯಾರಕ್ಕಿನ ಪಕ್ಕದ ಮಂಚದ ಹುಡುಗ ಇಳಿಯಲಿಲ್ಲ. ಅವನ ಬಂದೂಕುಗಳೂ ಅದೇ ಹೊತ್ತಿಗೆ ನಿಂತಿದ್ದವು. 'ಹೊಡೀತಿಲ್ಲ, ಹೊಡೀತಿಲ್ಲ' ಎಂದು ರೇಡಿಯೋದಲ್ಲಿ ಕೂಗಿಕೊಳ್ಳುತ್ತಲೇ ಉರಿದುಹೋದ.

"ಇಳಿದ ಮೇಲೆ ನನ್ನ ಗನ್ ಬಿಚ್ಚಿ ನೋಡಿದ್ರು," ಎಂದ ಗಂಡ. "ಏನೂ ಆಗಿಲ್ಲ. ಒಂದ್ ಸಲ ಎಳೆದ್ರೆ ಠಣ್ ಅಂತ ಶುರುವಾಯ್ತು. ಅಧಿಕಾರಿ ನನ್ನ ಮುಖ ನೋಡಿದ. ಹೆದರಿ ಕೈ ನಡುಗಿರಬೇಕು ಕಣಯ್ಯಾ ಅಂದ. ಹೇಳೇ, ನಾನು ಹೆದರಿದ್ನಾ?"

ಶೆಡ್ಡಿನಲ್ಲಿ ಇಂಥ ದೂರು ಹೊಸದೇನಲ್ಲ. 'ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ' ಎಂದು ಪೈಲಟ್‌ಗಳ ಬಗ್ಗೆ ನಗೆಯಾಡಿದವರಲ್ಲಿ ಸಣ್ಣಕ್ಕನೇ ಮೊದಲನೆಯವಳು. ಆ ನಗೆ ಈಗ ಗಂಟಲಲ್ಲಿ ಮೀನಿನ ಮುಳ್ಳಾಯಿತು.

ಅತ್ತೆಯೂ ಅದೇ ಕಾರ್ಖಾನೆಯವಳು. ಅಂಗಳದ ಆಚೆ ತೋಟಾ ತುಂಬುವ ಹಜಾರದಲ್ಲಿ ಕೆಲಸ. ಉಕ್ಕಿನ ಕೊಂಡಿಗಳಲ್ಲಿ ತೋಟಾಗಳನ್ನು ಒಂದರ ಮಗ್ಗುಲಿಗೆ ಒಂದು ಕೂರಿಸಿ ಉದ್ದನೆಯ ಪಟ್ಟಿ ಮಾಡುವುದು. ಆ ಪಟ್ಟಿಯೇ ಬಂದೂಕಿಗೆ ಊಟ. ಒಂದು ತೋಟಾ ಕೂದಲೆಳೆಯಷ್ಟು ಹಿಂದೆ ಕೂತರೂ ಬಂದೂಕು ಕಚ್ಚಿಕೊಳ್ಳುತ್ತದೆ. ಅತ್ತೆಯ ನಾಲಿಗೆ ಚಾಕುವಿನಷ್ಟು ಹರಿತವಾದರೂ ಹೆಬ್ಬೆರಳು ಅದಕ್ಕಿಂತ ಸೂಕ್ಷ್ಮ. "ನನ್ನ ಸೊಸೆ ಇಡೀ ದಿನ ಸದ್ದು ಮಾಡಿ ಸಂಬಳ ತಗೊಳ್ತಾಳೆ, ನಾನು ಬಾಯಿ ಮುಚ್ಕೊಂಡು ತಗೊಳ್ತೀನಿ" ಎಂದು ಹಜಾರದವರನ್ನೆಲ್ಲ ನಗಿಸುತ್ತಿದ್ದವಳು ಅವಳು.

ಆ ಸಂಜೆ ಮುಚ್ಚಿದ ದರ್ಜಿ ಅಂಗಡಿಯ ಮೇಲಿನ ಅವರ ಎರಡು ಕೋಣೆಯ ಮನೆಯಲ್ಲಿ ನಗು ಇರಲಿಲ್ಲ. ಬಾಂಬಿಗೆ ಸಿಡಿಯದಿರಲೆಂದು ಗಾಜಿಗೆಲ್ಲ ಕಾಗದ ಅಂಟಿಸಿದ್ದ ಕಿಟಕಿಯ ಕೆಳಗೆ ಸಣ್ಣಕ್ಕನ ಗಂಡ ಕೂತಿದ್ದ. ತಟ್ಟೆಯಲ್ಲಿದ್ದ ಆಲೂಗಡ್ಡೆ ಆರಿ ಕಲ್ಲಾಗಿತ್ತು. ಮಗ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅತ್ತೆ ತನ್ನ ಕಪ್ಪಾದ ಬೆರಳುಗಳನ್ನೇ ನೋಡಿಕೊಂಡಳು.

"ಆ ಹುಡುಗನ ಪಟ್ಟಿ ಎಲ್ಲಿ ತುಂಬಿದ್ದಂತೆ?"

"ನಮ್ಮ ವಿಮಾನಗಳಿಗೆಲ್ಲ ಇಲ್ಲಿಂದಲೇ ಬರೋದಮ್ಮಾ."

"ನನ್ನ ಕಣ್ಣು ಮೊದಲಿನ ಹಾಗಿಲ್ಲ," ಎಂದಳು ಅತ್ತೆ. "ಯಾರಿಗೂ ಹೇಳಿರ್ಲಿಲ್ಲ."

"ಅತ್ತೆ, ಸುಮ್ನಿರಿ. ಪಟ್ಟಿ ತಪ್ಪಿದ್ರೆ ಇಳಿದ ಮೇಲೂ ಹಾಗೇ ಕಚ್ಕೊಂಡಿರ್ಬೇಕಿತ್ತು. ತಪ್ಪಿದ್ರೆ ನನ್ನ ಶೆಡ್ಡಿಂದು."

"ನೀನೂ ಸುಮ್ನಿರು. ಇಬ್ರೂ ಸೇರಿ ಕೊಂದಿದ್ರೆ ಪಾಪ ಹಂಚ್ಕೊಂಡ್ರೆ ಕಮ್ಮಿ ಆಗುತ್ತಾ?"

ರಜೆ ಮುಗಿಸಿ ಗಂಡ ಹೊರಟಾಗ ಸಣ್ಣಕ್ಕ ಬಸ್ಸಿನವರೆಗೂ ಹೋದಳು. "ಕಂಡುಹಿಡೀತೀನಿ" ಎಂದಳು. ಅವನು ಅವಳ ಕೆನ್ನೆ ಮುಟ್ಟಿ, "ಬೇಗ ಹಿಡಿ" ಎಂದಷ್ಟೇ ಹೇಳಿ ಹತ್ತಿಕೊಂಡ.

ಕಂಡುಹಿಡಿಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಶೆಡ್ಡಿನ ಇಂಜಿನಿಯರು ಒಳ್ಳೆಯ ಮನುಷ್ಯ. ಬಾಗಿಲಲ್ಲಿ ಮಗ್ಗುಲಾಗಿ ನುಸುಳಬೇಕಾದಷ್ಟು ದಪ್ಪ, ಮನಸ್ಸು ಮಾತ್ರ ಮೇಣ. ಅವನು ಮೊದಲ ದೂರು ಬಂದಾಗಿನಿಂದ ಮೇಲಿನವರೊಡನೆ ಕಾದಾಡುತ್ತಿದ್ದ. ಮೇಲಿನವರದು ಒಂದೇ ರಾಗ: ನೆಲದ ಮೇಲೆ ಹೊಡೆಯುತ್ತದೆ, ಇಳಿದು ಬಂದ ಮೇಲೂ ಹೊಡೆಯುತ್ತದೆ, ನಡುವೆ ಮಾತ್ರ ಹೊಡೆಯುವುದಿಲ್ಲ ಎಂದರೆ ತಪ್ಪು ಬಂದೂಕಿನದಲ್ಲ, ಬೆರಳಿನದು.

"ಚಳಿ ಇರ್ಬಹುದು ಸಾರ್," ಎಂದಳು ಸಣ್ಣಕ್ಕ. "ಅಷ್ಟು ಎತ್ತರದಲ್ಲಿ ಗ್ರೀಸು ಗಟ್ಟಿಯಾಗಿ ಹೋಗ್ಬಹುದು."

ಮಂಜುಗಡ್ಡೆ ಕಾರ್ಖಾನೆಯಿಂದ ಗಾಡಿಗಟ್ಟಲೆ ಗಡ್ಡೆ ತರಿಸಿ ಬಂದೂಕನ್ನು ಹೂತರು. ಮೈಮೇಲೆ ಬಿಳಿ ಹರಳು ಕಟ್ಟುವವರೆಗೂ ಬಿಟ್ಟು, ಎತ್ತಿ ಹೊಡೆದರು. ಹೊಡೆಯಿತು. ಗ್ರೀಸು ಒರೆಸಿ ಒಣ ಒಣವಾಗಿ ಹೊಡೆದರು. ಹೊಡೆಯಿತು. ಧೂಳು ತುಂಬಿದರು, ನೀರು ಹುಯ್ದರು. ಬಿದ್ದುಹೋದ ವಿಮಾನದ ಒಂದು ರೆಕ್ಕೆಯನ್ನೇ ಗರಗಸದಲ್ಲಿ ಕೊಯ್ದು ತಂದು, ಮರದ ಚೌಕಟ್ಟಿನ ಮೇಲೆ ಮಲಗಿಸಿ, ಆಕಾಶದಲ್ಲಿ ಹೇಗಿರುತ್ತದೋ ಹಾಗೆ ಬಂದೂಕು ಕೂರಿಸಿ ಹೊಡೆದರು. ಅದು ಸಾಕಿದ ನಾಯಿಯ ಹಾಗೆ ಹೇಳಿದಷ್ಟು ಸಲ ಬೊಗಳಿತು. ಸಣ್ಣಕ್ಕನಿಗೆ ಅದನ್ನು ಕೊಡಲಿಯಿಂದ ಕೊಚ್ಚಿಹಾಕುವಷ್ಟು ಸಿಟ್ಟು. ಸಿಕ್ಕಿಕೊಳ್ಳೋ, ಒಂದು ಸಲ ಸಿಕ್ಕಿಕೊಳ್ಳೋ ಎಂದು ಅವಳು ಬೇಡಿಕೊಳ್ಳುವ ಸ್ಥಿತಿ ಬಂತು. ಬಂದೂಕು ಕೆಟ್ಟರೆ ಬೇಸರಪಡುತ್ತಿದ್ದವಳು ಈಗ ಕೆಡಲಿಲ್ಲವೆಂದು ಮರಳಿನ ದಿಬ್ಬದ ಹಿಂದೆ ಹೋಗಿ ಅಳುತ್ತಿದ್ದಳು.

ಶತ್ರುಗಳು ಬರುವುದೇನೂ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಸೈರನ್ ಕೂಗಿ ಎಲ್ಲರೂ ನೆಲಮಾಳಿಗೆಗೆ ಓಡುವಾಗ ಸಣ್ಣಕ್ಕ ಅಂಗಳದಲ್ಲೇ ನಿಂತುಬಿಟ್ಟಳು. ಹೊಗೆಕೊಳವೆಗಳ ಮೇಲೆ, ತಿಳಿ ಆಕಾಶದಲ್ಲಿ, ತಮ್ಮವರ ಒಂದು ಪುಟ್ಟ ವಿಮಾನ ಶತ್ರುವಿನ ಹಿಂದೆ ಹೊರಳುತ್ತಿತ್ತು. ಎಷ್ಟು ಹತ್ತಿರ! ಅದರ ರೆಕ್ಕೆಯಲ್ಲಿ ಕಿಡಿ ಹಾರಿತು, ನಿಂತಿತು. ಆಮೇಲೆ ಕಿಡಿಯಿಲ್ಲ. ಅದು ಬರಿಗೈಯಲ್ಲಿ ಹುಲಿಯ ಬಾಲ ಹಿಡಿದವನಂತೆ ಹಿಂದೆಯೇ ಸುತ್ತಿತು, ಸುತ್ತಿತು. ಎಲ್ಲಿಂದಲೋ ಇನ್ನೊಂದು ಶತ್ರುವಿಮಾನ ಬಂದು ಅದರ ಬೆನ್ನಿಗೆ ಬಿತ್ತು. ಸಣ್ಣಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪುಟ್ಟ ವಿಮಾನ ಗ್ಯಾಸ್ ಕಾರ್ಖಾನೆಯ ಆಚೆ ಎಲ್ಲೋ ಬಿದ್ದುಹೋಯಿತು. ಸದ್ದು ತಡವಾಗಿ ಬಂತು. ಅದು ತನ್ನ ಗಂಡನ ವಿಮಾನವಲ್ಲ, ಅವನ ನೆಲೆ ಇಲ್ಲಿಗೆ ದೂರ ಎಂದು ನೆನಪಾದಾಗ ಜೀವ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವಳು ಓಡುತ್ತ ಇಂಜಿನಿಯರ ಕೋಣೆಗೆ ಹೋದಳು.

"ಸಾರ್, ಹೊರಳುವಾಗ. ನಾನು ಕಣ್ಣಾರೆ ಕಂಡೆ. ನನ್ನ ಗಂಡನೂ ಹಾಗೇ ಹೇಳಿದ್ದು. ನೇರ ಹೋಗುವಾಗ ಅಲ್ಲ, ಹೊರಳುವಾಗ."

ಇಂಜಿನಿಯರು ಪೆನ್ಸಿಲ್ ಕೆಳಗಿಟ್ಟ. "ನನಗೂ ಹಾಗೇ ಅನ್ನಿಸ್ತಿದೆ ಸಣ್ಣಕ್ಕ. ಬಿಗಿಯಾಗಿ ಹೊರಳಿದ್ರೆ ವಿಮಾನದೊಳಗೆ ಎಲ್ಲದರ ತೂಕವೂ ಐದಾರು ಪಟ್ಟು ಆಗುತ್ತೆ. ಮನುಷ್ಯಂದೂ, ತೋಟಾದ್ದೂ. ಯಾವುದೋ ಒಂದು ತಡ್ಕೊಳ್ತಿಲ್ಲ. ಯಾವುದು ಅಂತ ನೆಲದ ಮೇಲೆ ಗೊತ್ತಾಗೋದೇ ಇಲ್ಲ. ಇಳಿಯುವಾಗಿನ ಕುಲುಕಾಟಕ್ಕೆ ಎಲ್ಲಾ ಸರಿಹೋಗಿಬಿಡುತ್ತೆ. ಸಿಕ್ಕಿಕೊಂಡ ಗಳಿಗೆಯಲ್ಲಿ ಯಾರಾದ್ರೂ ಪಕ್ಕದಲ್ಲೇ ಕೂತು ನೋಡ್ಬೇಕು."

ಅದಕ್ಕೆ ವಿಮಾನ ಬೇಕು. ಹಾರುವಂಥದ್ದನ್ನು ಪರೀಕ್ಷೆಗೆ ಕೊಡುವ ಪುಣ್ಯಾತ್ಮ ಯಾರೂ ಇರಲಿಲ್ಲ. ಇಂಜಿನಿಯರು ಕಾಡಿ, ಬೇಡಿ, ಒಬ್ಬ ದೊಡ್ಡ ಅಧಿಕಾರಿಯ ಮೇಜು ಗುದ್ದಿ, ಕೊನೆಗೆ ಸಾಮಾನು ಹೊರುತ್ತಿದ್ದ ಒಂದು ಮುರುಕು ಬಾಂಬರನ್ನು ತಂದ. ಅದನ್ನು ಓಡಿಸುವವನಿಗೆ ಎಲ್ಲರೂ ತಾತ ಎನ್ನುತ್ತಿದ್ದರು. ನಲವತ್ತು ದಾಟಿದ್ದನಷ್ಟೆ, ಆ ಕಸುಬಿನಲ್ಲಿ ಅಷ್ಟು ವರ್ಷ ಬದುಕಿದವನು ಬೇರೊಬ್ಬ ಇರಲಿಲ್ಲವಾದ್ದರಿಂದ ಆ ಪದವಿ.

ಬಾಂಬರಿನ ಹೊಟ್ಟೆಯಲ್ಲಿ ರೆಕ್ಕೆಯಲ್ಲಿದ್ದಂತೆಯೇ ಬಂದೂಕು ಕೂರಿಸಿದರು. ಯುದ್ಧವಿಮಾನದ ರೆಕ್ಕೆ ತೆಳುವಾದ್ದರಿಂದ ಬಂದೂಕನ್ನು ಅಲ್ಲಿ ಮಗ್ಗುಲಾಗಿ ಮಲಗಿಸಿರುತ್ತಾರೆ. ಖಾಲಿ ತೋಟಾಗಳು ಪಕ್ಕಕ್ಕೆ ಚಿಮ್ಮಿ, ಮಟ್ಟಸವಾದ ಒಂದು ತಗಡಿನ ದಾರಿಯಲ್ಲಿ ಹೋಗಿ, ಅದರ ತುದಿಯ ಬಾಯಿಂದ ಕೆಳಗೆ ಉದುರಬೇಕು. ಅದನ್ನೂ ಹಾಗೇ ಮಾಡಿ, ಅಲ್ಲಲ್ಲಿ ತಗಡು ಕತ್ತರಿಸಿ ಒಳಗೆ ಕಾಣುವಂತೆ ಗಾಜು ಹಾಕಿದರು. ಎಲ್ಲ ಮುಗಿದು ನೋಡಿದರೆ ಬಂದೂಕಿನ ಪಕ್ಕ ಉಳಿದ ಜಾಗದಲ್ಲಿ ಇಂಜಿನಿಯರ ಒಂದು ತೊಡೆಯೂ ಹಿಡಿಸುವಂತಿರಲಿಲ್ಲ. ಅವನು ಅಂಗಿ ಬಿಚ್ಚಿ, ಉಸಿರು ಬಿಗಿಹಿಡಿದು ನುಗ್ಗಿ ನೋಡಿದ. ಸಿಕ್ಕಿಕೊಂಡ. ಇಬ್ಬರು ಕಾಲು ಹಿಡಿದು ಎಳೆಯಬೇಕಾಯಿತು.

"ಅಂತೂ ಒಂದು ಸಿಕ್ಕಿಕೊಳ್ತಲ್ಲ," ಎಂದ ತಾತ. ಯಾರೂ ನಗಲಿಲ್ಲ. ಇಂಜಿನಿಯರ ಕಣ್ಣಲ್ಲಿ ನೀರಿತ್ತು.

"ನಾನು ಹೋಗ್ತೀನಿ," ಎಂದಳು ಸಣ್ಣಕ್ಕ.

ಮನೆಯಲ್ಲಿ ಈ ಮಾತು ಕೇಳಿ ಅತ್ತೆ ಪಾತ್ರೆ ಕುಕ್ಕಿದಳು. "ಮಗ ಒಬ್ಬ ಮೇಲೆ ಹೋಗಿ ಕೂತಿರೋದು ಸಾಲ್ದಾ? ನಿನಗೂ ರೆಕ್ಕೆ ಬಂತಾ? ಏಣಿ ಹತ್ತಿದ್ರೆ ತಲೆ ತಿರುಗುತ್ತೆ ಅನ್ನೋಳು ನೀನು!"

"ಅತ್ತೆ, ಬೇರೆ ಯಾರಾದ್ರೂ ಹೋದ್ರೆ ಏನು ನೋಡ್ಬೇಕು ಅಂತ ಅವರಿಗೆ ಗೊತ್ತಾಗಲ್ಲ."

"ನಿನಗೇನಾದ್ರೂ ಆದ್ರೆ ಅವನಿಗೆ ನಾನು ಯಾವ ಮುಖ ತೋರಿಸ್ಲಿ?"

"ಅವರಿಗೇನಾದ್ರೂ ಆದ್ರೆ ನಾನು ನಿಮಗೆ ಯಾವ ಮುಖ ತೋರಿಸ್ಲಿ?"

ಮರುದಿನ ಅತ್ತೆ ಆ ಹಾರಾಟದ ತೋಟಾಪಟ್ಟಿಯನ್ನು ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ತುಂಬಿದಳು. ಒಂದೊಂದು ತೋಟಾದ ಮೇಲೂ ಹೆಬ್ಬೆರಳು ಆಡಿಸಿದಳು, ಮಗುವಿನ ವಸಡಿನಲ್ಲಿ ಹಲ್ಲು ಬಂತಾ ಎಂದು ತಡವುವ ಹಾಗೆ. ಮುಗಿದ ಮೇಲೆ ತನ್ನ ಉಣ್ಣೆಯ ಶಾಲನ್ನು ಸೊಸೆಯ ಎದೆಗೆ ಸುತ್ತಿ ಬೆನ್ನಲ್ಲಿ ಗಂಟು ಹಾಕಿದಳು. ಗಂಟನ್ನು ಸಿಟ್ಟಿನಿಂದೆಂಬಂತೆ ಬಿಗಿ ಎಳೆದಳು.

ವಿಮಾನದ ಹೊಟ್ಟೆಯೊಳಗೆ ಕತ್ತಲು. ಸಣ್ಣಕ್ಕ ಅಂಗಾತ ಮಲಗಲೂ ಆಗದೆ, ಕೂರಲೂ ಆಗದೆ ಬಂದೂಕಿನ ಪಕ್ಕ ಮಡಚಿಕೊಂಡಿದ್ದಳು. ಮೂಗಿಗೆ ಗಾಳಿಯ ನಳಿಕೆ, ಕಿವಿಗೆ ತಾತನ ದನಿ ಬರುವ ತಂತಿ, ಮೊಣಕೈಗೆ ಕಟ್ಟಿದ ಟಾರ್ಚು.

"ತಂಗೀ, ಕಾಲು ಚಾಚೋಕೆ ಜಾಗ ಇಲ್ಲ. ಅಳೋಕೆ ಅಡ್ಡಿ ಇಲ್ಲ," ಎಂದಿತು ದನಿ.

ನೆಲ ಬಿಟ್ಟಾಗ ಅವಳ ಕರುಳು ಅಲ್ಲೇ ಉಳಿದು ಮೈ ಮಾತ್ರ ಮೇಲೆ ಹೋದಂತಾಯಿತು. ಏರಿದಷ್ಟೂ ಚಳಿ. ಮೊದಲು ಕಾಲ್ಬೆರಳು, ಆಮೇಲೆ ಮೊಣಕಾಲು, ಆಮೇಲೆ ಹಲ್ಲೂ ನೋಯತೊಡಗಿತು. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ತಾತ ನೇರವಾಗಿ ಹಾರಿಸಿ, "ಹ್ಞೂ" ಎಂದ. ಅವಳು ಒತ್ತಿದಳು. ಬಂದೂಕು ಸಲೀಸಾಗಿ ಹೊಡೆಯಿತು. ಮೂಗು ಕೆಳಗೆ ಮಾಡಿ ಇಳಿಸಿದ. ಆಗಲೂ ಹೊಡೆಯಿತು.

"ಈಗ ಹೊರಳ್ತೀನಿ. ಗದ್ದ ಎಲ್ಲಿಡಬೇಕೋ ಅಲ್ಲಿಟ್ಟುಕೋ. ಆಮೇಲೆ ಎತ್ತೋಕಾಗಲ್ಲ."

ಅವಳು ಗದ್ದವನ್ನು ಗಾಜಿನ ಪಕ್ಕಕ್ಕೆ ಊರಿದಳು. ಮುರುಕು ವಿಮಾನ ಕಿರುಗುಟ್ಟುತ್ತ ವಾಲಿತು. ಯಾರೋ ಬೆನ್ನ ಮೇಲೆ ಅಕ್ಕಿಯ ಮೂಟೆ ಹೇರಿದರು, ಇನ್ನೊಂದು ಹೇರಿದರು. ತುಟಿ ಜೋತುಬಿತ್ತು, ಕಣ್ಣಿನ ಸುತ್ತ ಕಪ್ಪು ಬಂತು. ಬೆರಳೊಂದು ಮಾತ್ರ ಅವಳ ಮಾತು ಕೇಳಿತು. ಒತ್ತಿದಳು. ಬಂದೂಕು ಗುಡುಗಿ, ತಡವರಿಸಿ, ನಿಂತಿತು.

ನಿಂತೇ ಬಿಟ್ಟಿತು! ಅವಳು ಹುಚ್ಚಿಯ ಹಾಗೆ ನೋಡಿದಳು. ಪಟ್ಟಿ ಸರಿಯಾಗಿತ್ತು, ಅತ್ತೆಯ ತೋಟಾಗಳು ಸಾಲಾಗಿ ತಮ್ಮ ಸರದಿ ಕಾಯುತ್ತಿದ್ದವು. ಕಣ್ಣನ್ನು ಪಕ್ಕದ ಗಾಜಿಗೆ ಹೊರಳಿಸಿದಳು. ತಗಡಿನ ದಾರಿ. ಅದರ ನಡುವೆ ಖಾಲಿ ತೋಟಾಗಳು ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು. ಚಿಮ್ಮಿದ್ದು ತುದಿ ಮುಟ್ಟುವ ಮೊದಲೇ ತನ್ನ ಭಾರಕ್ಕೆ ತಾನೇ ಕುಸಿದಿತ್ತು. ಅದಕ್ಕೆ ಮುಂದಿನದು ತಗಲಿತ್ತು, ಅದಕ್ಕೆ ಅದರ ಹಿಂದಿನದು. ಕೊನೆಯದು ಹೊರಹೋಗಲು ಜಾಗವಿಲ್ಲದೆ ಬಂದೂಕಿನ ಬಾಯಲ್ಲೇ ಅಡ್ಡಡ್ಡ ಕಚ್ಚಿಕೊಂಡಿತ್ತು.

ಅವಳು ಕೂಗುವಷ್ಟರಲ್ಲಿ ತಾತ ವಿಮಾನವನ್ನು ನೆಟ್ಟಗೆ ಮಾಡಿದ. ಗುಡ್ಡೆ ನಡುಗಿತು, ಜಾರಿತು, ಒಂದೊಂದಾಗಿ ತುದಿಯಿಂದ ಉದುರಿಹೋಯಿತು. ದಾರಿ ಖಾಲಿ. ಏನೂ ನಡೆದೇ ಇಲ್ಲವೆಂಬಂತೆ.

"ತಾತಾ! ಮತ್ತೆ! ಮತ್ತೆ ಹೊರಳಿಸಿ!"

"ರೆಕ್ಕೆ ಕಿತ್ತು ಬಂದ್ರೆ?"

"ಬರ್ಲಿ!"

ಬಂದೂಕನ್ನು ಮತ್ತೆ ಎಳೆದು ಸಜ್ಜು ಮಾಡಬೇಕಿತ್ತು. ದಪ್ಪ ಕೈಗವಸಿನಲ್ಲಿ ಹಿಡಿಕೆ ಸಿಗಲಿಲ್ಲ. ಅವಳು ಗವಸನ್ನು ಹಲ್ಲಿನಿಂದ ಕಿತ್ತೆಸೆದು ಬರಿಗೈಯಲ್ಲಿ ಎಳೆದಳು. ಬೆರಳಿನ ಚರ್ಮ ಚಳಿಗೆ ಕೊರೆಯುತ್ತಿದ್ದ ಉಕ್ಕಿಗೆ ಅಂಟಿ ಸುಲಿದು ಬಂತು. ಎರಡನೆಯ ತಿರುವಿನಲ್ಲಿಯೂ ಅದೇ ಜಾಗದಲ್ಲಿ, ಹಾಗೆಯೇ ಗುಡ್ಡೆ ಬಿತ್ತು.

ಇಳಿದಾಗ ಅವಳನ್ನು ಹೊರಗೆಳೆದು ಹುಲ್ಲಿನ ಮೇಲೆ ಮಲಗಿಸಿದರು. ಇಂಜಿನಿಯರು ಏದುಸಿರು ಬಿಡುತ್ತ ಓಡಿಬಂದು ಮಂಡಿಯೂರಿದ.

"ಎಲ್ಲಿ?"

"ದಾರೀಲಿ ಸಾರ್. ಖಾಲಿ ತೋಟಾ ಹೋಗೋ ದಾರೀಲಿ. ಭಾರ ಆಗಿ ಅರ್ಧಕ್ಕೇ ಬಿದ್ದುಹೋಗ್ತಿವೆ. ಕೆಳಗೆ ನೆಟ್ಟಗೆ ಒಂದು ತೂತು ಇದ್ದಿದ್ರೆ ಸಾಕಿತ್ತು."

ಇಂಜಿನಿಯರು ನೆಲದ ಮೇಲೆ ಕೂತುಬಿಟ್ಟ. ಕೈಯಿಂದ ಗಾಳಿಯಲ್ಲಿ ಒಂದು ಗೇಣು ಅಳೆದ. "ಇಷ್ಟು ತಗಡು," ಎಂದ. "ಇಷ್ಟಕ್ಕೆ ಅಷ್ಟು ಹುಡುಗರು." ಆ ದೊಡ್ಡ ಮೈ ಅಲುಗಿತು. ತಾತ ಟೋಪಿ ತೆಗೆದು ಬೇರೆ ಕಡೆ ನೋಡಿದ.

ಸಂಜೆ ಸಣ್ಣಕ್ಕ ಅತ್ತೆಯ ಮುಂದೆ ಬ್ಯಾಂಡೇಜಿನ ಕೈ ಚಾಚಿ, "ಪಟ್ಟಿಯದೇನೂ ತಪ್ಪಿಲ್ಲ ಅತ್ತೆ. ನಿಮ್ಮ ಕೈಯದ್ದಲ್ಲ" ಎಂದಳು. ಅತ್ತೆ ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. "ಇದನ್ನ ಆ ಹುಡುಗನ ತಾಯಿಗೆ ಯಾರು ಹೋಗಿ ಹೇಳ್ತಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಳತೊಡಗಿದಳು.

ರೋಗ ಸಿಕ್ಕಿತು, ಮದ್ದು ಎಲ್ಲರಿಗೂ ಒಮ್ಮೆಗೇ ಸಿಗಲಿಲ್ಲ. ತೂತು ಕೊರೆಯಬೇಕಾದ ಜಾಗದಲ್ಲಿ ರೆಕ್ಕೆಯ ಒಂದು ಮುಖ್ಯ ಎಲುಬು ಹಾದುಹೋಗಿತ್ತು. ಅದನ್ನು ಕತ್ತರಿಸಿದರೆ ಅಕ್ಕಪಕ್ಕ ಲೋಹದ ಪಟ್ಟಿ ಕೊಟ್ಟು ಬಿಗಿಯಬೇಕು; ಸುಮ್ಮನೆ ಕೊರೆದರೆ ರೆಕ್ಕೆಯೇ ಮಡಚಿಕೊಳ್ಳುತ್ತದೆ. ಕೆಲಸ ಬಲ್ಲವರ ತಂಡಗಳು ನೆಲೆಯಿಂದ ನೆಲೆಗೆ ಹೊರಟವು. ನಗರ ಕಾಯುವ ನೆಲೆಗಳು ಮೊದಲು. ಗಂಡನದು ಗಡಿಯ ಹತ್ತಿರದ್ದು, ಕೊನೆಯದು. ಸಣ್ಣಕ್ಕ ಇಂಜಿನಿಯರ ಮುಂದೆ ನಿಂತಳು. ಅವನು ಅವಳ ಕಣ್ಣು ತಪ್ಪಿಸಿದ.

"ನಾನು ಕೇಳಿದೆ ಸಣ್ಣಕ್ಕ. ಸರದಿ ಬದಲಾಯಿಸಲ್ಲ ಅಂದ್ರು. ಇಲ್ಲೂ ಯಾರದೋ ಗಂಡಂದಿರೇ ಇರೋದು, ಏನು ಹೇಳಲಿ?" ಆಮೇಲೆ ಮೇಜಿನ ಮೇಲಿನ ಫೋನನ್ನು ಅವಳ ಕಡೆ ತಳ್ಳಿದ. "ಮಾತಾಡಿ. ನಾನು ಹೊರಗಿರ್ತೀನಿ."

ಬಹಳ ಹೊತ್ತಿನ ಮೇಲೆ ಗಂಡನ ದನಿ ಸಿಕ್ಕಿತು, ಬಾವಿಯ ತಳದಿಂದ ಬಂದಂತೆ.

"ಏನಾಯ್ತೇ? ಅಮ್ಮ ಹುಷಾರಾಗಿದಾಳಾ?"

"ಎಲ್ಲಾ ಹುಷಾರು. ರೀ, ಕೇಳಿಸ್ಕೊಳ್ಳಿ. ಸಿಕ್ತು. ಹೊರಳ್ತಾ ಹೊಡೆದ್ರೆ ಮಾತ್ರ ನಿಲ್ಲೋದು. ನೇರ ಇದ್ದಾಗ ನಿಲ್ಲಲ್ಲ. ನಮ್ಮೋರು ಬಂದು ಸರಿ ಮಾಡೋವರೆಗೂ ಹೊರಳ್ತಾ ಹೊಡೀಬೇಡಿ. ನೇರ ಮಾಡ್ಕೊಂಡು ಆಮೇಲೆ ಒತ್ತಿ."

ಆಚೆ ಕಡೆ ನಕ್ಕ. "ಮೇಲೆ ನೇರ ಹೋಗೋನು ಸತ್ತ ಅಂತಲೇ ಲೆಕ್ಕ ಕಣೇ."

"ಒಂದು ಗಳಿಗೆ ಸಾಕು ರೀ. ಎರಡು ಉಸಿರು. ನಿಮ್ಮ ದಮ್ಮಯ್ಯ. ಎಲ್ಲರಿಗೂ ಹೇಳಿ."

"ಹೇಳ್ತೀನಿ," ಎಂದ. ಆಮೇಲೆ, "ಹಾಗಾದ್ರೆ ನಾನು ಹೆದರಿರ್ಲಿಲ್ಲ ಅಲ್ವಾ?" ಎಂದು ಕೇಳಿದ. ಅವಳು ಇಲ್ಲ ಎನ್ನುವಷ್ಟರಲ್ಲಿ ತಂತಿ ಕಡಿದುಹೋಯಿತು.

ತಂಡ ಅವನ ನೆಲೆಗೆ ತಲುಪುವ ಮೊದಲೇ ಸುದ್ದಿ ಬಂತು: ಬದುಕಿದ್ದಾನೆ, ಆಸ್ಪತ್ರೆಯಲ್ಲಿದ್ದಾನೆ. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ. ಅತ್ತೆ ಸೊಸೆ ಇಬ್ಬರೂ ತೋಟಾ ಹೊತ್ತು ಹೊರಟಿದ್ದ ಲಾರಿಯ ಹಿಂಭಾಗದಲ್ಲಿ ಪೆಟ್ಟಿಗೆಗಳ ನಡುವೆ ಕೂತು ಹೋದರು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಮೊಣಕೈ ಬಿಡಲಿಲ್ಲ.

ಶಾಲೆಯೊಂದನ್ನು ಆಸ್ಪತ್ರೆ ಮಾಡಿದ್ದರು. ಕಪ್ಪು ಹಲಗೆಯ ಕೆಳಗಿನ ಮಂಚದಲ್ಲಿ ಅವನಿದ್ದ. ಮುಖ ಹಾಗೇ ಇತ್ತು. ಹೊದಿಕೆಯ ಕೆಳಗೆ ಎಡಗಾಲು ತೊಡೆಯ ಹತ್ತಿರವೇ ಮುಗಿದುಹೋಗಿತ್ತು. ಅತ್ತೆ ಗೋಡೆ ಹಿಡಿದುಕೊಂಡಳು. ಅವನು ಇಬ್ಬರನ್ನೂ ನೋಡಿ ಮುಖವನ್ನು ಗೋಡೆಯ ಕಡೆ ಹೊರಳಿಸಿದ.

ಗೋಡೆಗೇ ಹೇಳುವಂತೆ ಹೇಳಿದ. "ನೇರ ಮಾಡ್ದೆ. ನೀನು ಹೇಳಿದ ಹಾಗೇ. ಬಾಂಬರ್ ಮುಂದೆ ಇತ್ತು. ನೇರ ಮಾಡ್ಕೊಂಡು ಒತ್ತಿದೆ. ಒಂದೂ ತಪ್ಪದೆ ಹೊಡೀತು. ಅದು ಎರಡು ತುಂಡಾಯ್ತು. ಹಿಂದೆ ಬಿದ್ದಿದ್ದ ಶತ್ರು ಅಷ್ಟೊತ್ತಿಗೆ ನನ್ನ ಕಾಲಿಗೆ ಗುಂಡು ಹಾಕ್ದ."

ಇಷ್ಟು ದಿನ ಸಣ್ಣಕ್ಕ ಹೆದರಿದ್ದು ಬಂದೂಕು ನಿಲ್ಲುವುದಕ್ಕೆ. ನಿಲ್ಲದೆಯೂ ಹೀಗಾಗಬಹುದು ಎಂದು ಅವಳ ತಲೆಗೆ ಹೊಳೆದಿರಲೇ ಇಲ್ಲ.

"ನಾನು ಫೋನ್ ಮಾಡ್ದೆ ಇದ್ದಿದ್ರೆ?" ಎಂದಳು.

"ಗೊತ್ತಿಲ್ಲ."

"ನನ್ನಿಂದ ಆಯ್ತಾ?"

"ಗೊತ್ತಿಲ್ಲ ಅಂದ್ನಲ್ಲ!" ಎಂದು ಅವನು ಚೀರಿದ. ಪಕ್ಕದ ಮಂಚಗಳವರು ಕಣ್ಣು ಬಿಟ್ಟರು. "ಹೊರಳ್ತಾನೇ ಇದ್ದಿದ್ರೆ ಕಾಲು ಉಳೀತಿತ್ತೋ, ತಲೆಯೂ ಹೋಗ್ತಿತ್ತೋ, ನನಗೆ ಹೇಗೆ ಗೊತ್ತಾಗ್ಬೇಕು? ಆ ಬಾಂಬರ್ ಊರ ಮೇಲೆ ಹೋಗಿ ಸುರಿದಿದ್ರೆ ಎಷ್ಟು ಜನ ಹೋಗ್ತಿದ್ರೋ ಅದೂ ಗೊತ್ತಿಲ್ಲ. ಕೇಳ್ಬೇಡ ನನ್ನ."

ಸಣ್ಣಕ್ಕ ಮಂಚದ ಮೇಲೆ ಅವನ ಕಾಲಿರಬೇಕಿದ್ದ ಖಾಲಿ ಜಾಗದಲ್ಲಿ ಕೂರಲು ಮನಸ್ಸು ಬಾರದೆ ನಿಂತೇ ಇದ್ದಳು. ಆಗ ಅತ್ತೆ ಗೋಡೆ ಬಿಟ್ಟು ಬಂದು, ಮಗನ ತಲೆಯ ಬಳಿ ಕೂತು, ಸೊಸೆಯ ಬಲಗೈಯನ್ನು ಎಳೆದು ಅವನ ಮುಖದ ಮುಂದೆ ಹಿಡಿದಳು. ಬೆರಳುಗಳಲ್ಲಿ ಹೊಸ ಚರ್ಮ ಇನ್ನೂ ಕೆಂಪಗಿತ್ತು.

"ನೋಡೋ. ಬೈಯೋದಾದ್ರೆ ಇದನ್ನೂ ನೋಡಿ ಬೈ. ಮುರುಕು ವಿಮಾನದ ಹೊಟ್ಟೇಲಿ ಕೂತು ಮೇಲೆ ಹೋಗಿ ಬಂದ್ಲು ಇವಳು. ನಿನ್ನ ಗನ್ನು ಯಾಕೆ ನಿಲ್ಲುತ್ತೆ ಅಂತ ನೋಡೋಕೆ."

ಅವನು ನಿಧಾನವಾಗಿ ಈ ಕಡೆ ಹೊರಳಿದ. ಅವಳ ಕೈಯನ್ನೂ ಮುಖವನ್ನೂ ನೋಡಿದ.

"ನೀನು? ಹಾರಿದ್ಯಾ?"

"ಹ್ಞೂ."

"ಬಿಗಿಯಾಗಿ ಹೊರಳಿಸಿದ್ರಾ?"

"ಎರಡು ಸಲ."

"ಆಮೇಲೆ?"

"ವಾಂತಿ ಮಾಡ್ದೆ. ಶಾಲಿಗೆ. ಅತ್ತೆ ಇನ್ನೂ ಬೈತಿದಾರೆ."

ಅವನ ಬಾಯಿಂದ ಒಂದು ನಗು ಸಿಡಿಯಿತು. ಗಾಯ ನೊಂದು ಅದು ನರಳಾಟವಾಯಿತು, ನರಳಾಟ ಅಳುವಾಯಿತು. ಅವಳು ಬಗ್ಗಿ ಅವನ ತಲೆಯನ್ನು ಎದೆಗೊತ್ತಿಕೊಂಡಳು. ನರ್ಸು ಬಂದು ಇಣುಕಿ ಹೋದಳು.

ಲಾರಿ ಸಂಜೆಗೆ ಮುಂಚೆ ವಾಪಸು ಹೊರಡುವುದಿತ್ತು. ಹೊಸ ರೆಕ್ಕೆಗಳಿಗೆ ಬಂದೂಕು ಕೂರಿಸಿ ನೋಡುವ ಕೆಲಸ ಶೆಡ್ಡಿನಲ್ಲಿ ಗುಡ್ಡೆ ಬಿದ್ದಿತ್ತು. ಸಣ್ಣಕ್ಕನಿಗೆ ರಜೆ ಇರಲಿಲ್ಲ. ಅತ್ತೆ ಮಗನ ಬಳಿ ಉಳಿದಳು. ಸಣ್ಣಕ್ಕ ಹೊದಿಕೆ ಸರಿಪಡಿಸಿ, ನೀರಿನ ಲೋಟ ಅವನ ಕೈಗೆಟುಕುವಂತೆ ಇಟ್ಟು ಬಾಗಿಲವರೆಗೆ ಬಂದಳು.

"ಏ," ಎಂದ ಗಂಡ ಹಿಂದಿನಿಂದ. "ನಾಳೆ ಬರ್ತೀಯಾ?"

"ನಾಳೆ ಬಿಡಲ್ಲ. ಭಾನುವಾರ ಬರ್ತೀನಿ."

"ಬಾ," ಎಂದು ಅವನು ಕಣ್ಣು ಮುಚ್ಚಿಕೊಂಡ.